ಸಾಧು ಗಂತಿ, ಅಸಾಧು ಸ್ಥಾನ

ವೈದ್ಯನು ರೋಗಿಯ ಮನೆಯವರನ್ನು ಎದುರಿಗೆ ಕೂರಿಸಿಕೊಂಡು "ಹೃದಯದೊಳಗೆ ಒಂದು ಗಡ್ಡೆ ಬೆಳೆದಿದೆ" ಎಂದು ಹೇಳಿದ ಕ್ಷಣದಲ್ಲಿ ಅವರ ಮುಖದ ಮೇಲೆ ಕವಿಯುವ ಕತ್ತಲೆಯನ್ನೂ, ಅದರ ಬೆನ್ನಿಗೇ "ಆದರೆ ಅದು ಕ್ಯಾನ್ಸರ್ ಅಲ್ಲ" ಎಂದು ಕೂಡಿಸಿದಾಗ ಅದೇ ಮುಖಗಳಲ್ಲಿ ಮೂಡುವ ಬೆಳಕನ್ನೂ ಕಂಡವರಿಗೆ, ಆ ಎರಡು ಭಾವಗಳಲ್ಲಿ ಎರಡನೆಯದೇ ಹೆಚ್ಚು ಅಪಾಯಕರವಾದುದೆಂದು ತಿಳಿಯಲು ಬಹಳ ಹೊತ್ತು ಬೇಕಾಗುವುದಿಲ್ಲ. ಬೆಳಕು ಮೂಡಿದ ಮರುಗಳಿಗೆಯಲ್ಲಿಯೇ ಬರುವ ಪ್ರಶ್ನೆ, "ಹಾಗಾದರೆ ಆಪರೇಷನ್ ಈಗಲೇ ಆಗಬೇಕೆ? ಮಗಳ ಮದುವೆ ಮುಗಿಸಿಕೊಂಡು ಬಂದರೆ ಆಗದೆ?" ಎಂಬುದು. ಕೇಳಿದವರನ್ನು ದೂಷಿಸುವಂತಿಲ್ಲ, ವೈದ್ಯನಾಡಿದ ಮಾತಿನಿಂದ ಸಹಜವಾಗಿ ಹುಟ್ಟಬೇಕಾದ ಪ್ರಶ್ನೆಯೇ ಅದು. ದೋಷವಿರುವುದು ಆ ಮಾತಿನಲ್ಲಿ. ಬೆನ್ನಿನ ಗಂತಿಗೂ ಹೃದಯದ ಗಂತಿಗೂ "ಸಾಧು" ಎಂಬ ಒಂದೇ ವಿಶೇಷಣವನ್ನು ತೊಡಿಸುವ ನಮ್ಮ ರೂಢಿಯಲ್ಲಿ.

ಗಂತಿಗಳನ್ನು ವೈದ್ಯಶಾಸ್ತ್ರವು ಎರಡು ಜಾತಿಯಾಗಿ ವಿಂಗಡಿಸುತ್ತದೆ. ತಾನು ಹುಟ್ಟಿದ ಎಡೆಯ ಎಲ್ಲೆಕಟ್ಟನ್ನು ಮೀರಿ ನೆರೆಯ ಅಂಗಾಂಶಗಳೊಳಕ್ಕೆ ಬೇರು ಬಿಡುವ, ರಕ್ತಪ್ರವಾಹವನ್ನು ಹಿಡಿದು ದೂರದ ಅಂಗಗಳಲ್ಲಿ ಹೊಸ ಹೊಸ ಬಿಡಾರಗಳನ್ನು ಹೂಡುವ ಗಂತಿಯು ಮಾರಕ; ಹುಟ್ಟಿದಲ್ಲಿಯೇ ಇದ್ದು, ನೆರೆಯನ್ನು ಒತ್ತರಿಸಿದರೂ ಭೇದಿಸದೆ, ಮಂದಗತಿಯಿಂದ ಬೆಳೆಯುವಂಥದು ಸಾಧು. ಸೂಕ್ಷ್ಮದರ್ಶಕದ ಕೆಳಗಿಟ್ಟು ಜೀವಕೋಶದ ಆಕಾರವನ್ನೂ ನಡತೆಯನ್ನೂ ಪರಾಮರ್ಶಿಸಿ ಕೊಡುವ ತೀರ್ಪು ಇದು; ತನ್ನ ಮಟ್ಟಿಗೆ ಸರಿಯಾದ ತೀರ್ಪೇ. ಆದರೆ ಅದು ಜೀವಕೋಶದ ಶೀಲವನ್ನು ಕುರಿತದ್ದೇ ಹೊರತು, ಅದನ್ನು ಹೊತ್ತ ಮನುಷ್ಯನ ಆಯುಸ್ಸನ್ನು ಕುರಿತದ್ದಲ್ಲ. ಬೆನ್ನಿನ ಚರ್ಮದಡಿಯಲ್ಲಿ ನಿಂಬೆಹಣ್ಣಿನ ಗಾತ್ರದ ಕೊಬ್ಬಿನ ಗಂಟೊಂದನ್ನು ಮೂವತ್ತು ವರ್ಷ ಹೊತ್ತು ತಿರುಗಿ, ಕೊನೆಗೆ ಬೇರೆ ಯಾವುದೋ ಕಾರಣದಿಂದ ಕಾಲವಾದವರನ್ನು ನಾವೆಲ್ಲರೂ ಕಂಡಿದ್ದೇವೆ. ಅಷ್ಟೇ ಗಾತ್ರದ, ಅಷ್ಟೇ ಸಾಧುವಾದ ಗಂತಿಯೊಂದು ಎಡ ಹೃತ್ಕರ್ಣದಲ್ಲಿ ತೂಗುತ್ತಿದ್ದರೆ, ಅದನ್ನು ಹೊತ್ತವನಿಗೆ ಮುಂದಿನ ವಾರವೂ ಖಚಿತವಲ್ಲ. ಇಂಥದನ್ನು ಗೋಮುಖವ್ಯಾಘ್ರವೆಂದು ಕರೆಯಬೇಕೆಂದು ಕೆಲವರಿಗೆ ತೋರಬಹುದು. ಆ ಉಪಮೆ ಇಲ್ಲಿ ಹೊಂದುವುದಿಲ್ಲ. ಮುಖವಷ್ಟೇ ಅಲ್ಲ, ಮೈಯೆಲ್ಲವೂ ಹಸುವಿನದೇ, ಹಾಯುವುದಿಲ್ಲ, ಒದೆಯುವುದಿಲ್ಲ. ಮನೆಗಿರುವ ಒಂದೇ ಬಾಗಿಲಿನ ಹೊಸ್ತಿಲ ಮೇಲೆ ಬಂದು ಮಲಗಿಬಿಟ್ಟಿದೆ, ಅಷ್ಟೆ. ಆದುದರಿಂದ ಹೃದಯದ ಗಂತಿಯನ್ನು ಅಳೆಯುವಾಗ ಅದರ ಜಾತಿಗಿಂತ ಮೊದಲು ಸ್ಥಾನವನ್ನೂ ಚಲನೆಯನ್ನೂ ಕೇಳಬೇಕೆಂಬುದು ನನ್ನ ವಾದ.

ಈ ಗಂತಿಗಳು ವಿರಳವೆಂಬುದು ನಿಜ. ಶವಪರೀಕ್ಷೆಗಳ ದೊಡ್ಡ ಸಂಗ್ರಹಗಳನ್ನು ಪರಿಶೀಲಿಸಿದವರು ಹತ್ತು ಸಾವಿರ ಹೃದಯಗಳಲ್ಲಿ ಸುಮಾರು ಎರಡರಲ್ಲಿ, ಎಂದರೆ ಶೇಕಡ 0.02ರಷ್ಟರಲ್ಲಿ ಮಾತ್ರ, ಹೃದಯದಲ್ಲಿಯೇ ಹುಟ್ಟಿದ ಗಂತಿಯನ್ನು ಕಂಡಿದ್ದಾರೆ. ಬೇರೆ ಅಂಗದ ಕ್ಯಾನ್ಸರು ಹರಡಿ ಬಂದು ಹೃದಯದಲ್ಲಿ ನೆಲಸುವ ಪ್ರಸಂಗಗಳು ಇದರ ಇಪ್ಪತ್ತು ಪಟ್ಟಿಗೂ ಮಿಗಿಲು. ಹೃದಯದಲ್ಲಿಯೇ ಹುಟ್ಟುವವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಸಾಧುವಾದವು. ವಯಸ್ಕರಲ್ಲಿ ಆ ಸಾಧುಗಳ ಅರ್ಧದಷ್ಟು ಮಿಕ್ಸೋಮ ಎಂಬ ಒಂದೇ ಜಾತಿಗೆ ಸೇರಿದವು. ಲೋಳೆಯೆಂಬ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರು ಅದು, ಅನ್ವರ್ಥವಾದ ಹೆಸರು: ತಾಟಿನುಂಗಿನ ತಿರುಳಿನಂತೆ ಅರೆಪಾರಕವಾಗಿ, ಅಲ್ಲಲ್ಲಿ ರಕ್ತಸ್ರಾವದಿಂದ ಕೆಂಪೇರಿ, ಕೆಲವೊಮ್ಮೆ ನುಣುಪಾದ ಮೈಯಿಂದಲೂ ಕೆಲವೊಮ್ಮೆ ದ್ರಾಕ್ಷಿಯ ಗೊಂಚಲಿನಂತೆ ಎಸಳೆಸಳಾಗಿಯೂ ಕಾಣುವ ಈ ಗಂತಿ ಹೆಚ್ಚಾಗಿ ಒಂದು ತೊಟ್ಟಿನಿಂದ ಜೋತಿರುತ್ತದೆ. ನಾಲ್ಕರಲ್ಲಿ ಮೂರಕ್ಕೆ ಕಡಮೆಯಿಲ್ಲದಂತೆ ಅದರ ವಾಸ ಎಡ ಹೃತ್ಕರ್ಣದಲ್ಲಿ. ಗರ್ಭಸ್ಥ ಶಿಶುವಿನಲ್ಲಿ ಎರಡು ಹೃತ್ಕರ್ಣಗಳ ನಡುವೆ ತೆರೆದಿದ್ದು ಹುಟ್ಟಿದ ಮೇಲೆ ಮುಚ್ಚಿಕೊಳ್ಳುವ ಕಿಂಡಿಯೊಂದಿದೆ; ಅದರ ಗುರುತಾಗಿ ನಡುಗೋಡೆಯಲ್ಲಿ ಉಳಿಯುವ ಅಂಡಾಕಾರದ ತಗ್ಗಿನ ಅಂಚಿನಲ್ಲಿಯೇ ಬಹುಮಟ್ಟಿಗೆ ಈ ತೊಟ್ಟು ನೆಟ್ಟಿರುತ್ತದೆ. ಇದು ಹೆಪ್ಪುಗಟ್ಟಿದ ರಕ್ತವೇ ಕಾಲಕ್ರಮದಲ್ಲಿ ಮಾರ್ಪಟ್ಟ ಮುದ್ದೆಯೋ ನಿಜವಾದ ಗಂತಿಯೋ ಎಂದು ರೋಗಶಾಸ್ತ್ರಜ್ಞರು ದಶಕಗಳ ಕಾಲ ವಾದಿಸಿದರು. ನಿಜವಾದ ಗಂತಿಯೇ ಎಂಬ ಪಕ್ಷ ಕೊನೆಗೆ ನಿಂತಿತು.

ಅದು ಮಾಡುವ ಹಾನಿಯನ್ನು ಗಮನಿಸಿದರೆ ಸ್ಥಾನದ ಮಾತು ಸ್ಪಷ್ಟವಾಗುವುದು. ಶ್ವಾಸಕೋಶದಿಂದ ಬಂದ ಶುದ್ಧರಕ್ತವು ಎಡ ಹೃತ್ಕರ್ಣದಲ್ಲಿ ತುಂಬಿ, ಹೃತ್ಕುಕ್ಷಿ ಸಡಿಲಗೊಂಡು ದ್ವಿದಳ ಕವಾಟ ತೆರೆದೊಡನೆ ಕೆಳಕ್ಕಿಳಿಯಬೇಕು. ತೊಟ್ಟಿನಿಂದ ಜೋತ ಗಂತಿಯೂ ಅದೇ ಪ್ರವಾಹದೊಡನೆ ಇಳಿದು ಕವಾಟದ ಬಾಯಿಯಲ್ಲಿ ಸಿಕ್ಕಿ, ಮರುಬಡಿತಕ್ಕೆ ಮೇಲಕ್ಕೆ ನೂಕಲ್ಪಟ್ಟು, ಮತ್ತೆ ಇಳಿಯುತ್ತದೆ. ನಿಮಿಷಕ್ಕೆ ಎಪ್ಪತ್ತೆಂಬತ್ತು ಸಲ, ಹಗಲೂ ಇರುಳೂ. ಹೀಗೆ ಇಳಿದು ತಟಕ್ಕನೆ ತಡೆದು ನಿಂತಾಗ ಉಂಟಾಗುವ ಒಂದು ಮಂದ್ರವಾದ ಸದ್ದನ್ನು, ಎರಡನೆಯ ಹೃದಯಧ್ವನಿಯಾದ ಮೇಲೆ ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟು ತಡವಾಗಿ, ಎಚ್ಚರದ ಕಿವಿ ಸ್ಟೆತಾಸ್ಕೋಪಿನಲ್ಲಿ ಹಿಡಿಯಬಲ್ಲುದು. ರೋಗಿ ಎದ್ದು ಕುಳಿತಾಗ ಒಂದು ಬಗೆ, ಮಗ್ಗುಲಾದಾಗ ಇನ್ನೊಂದು ಬಗೆಯಾಗಿ ಆ ಸದ್ದು ಬದಲಾಗುವುದೂ ಉಂಟು. ಬಾಗಿ ಎದ್ದಾಗ ಕಣ್ಣು ಕತ್ತಲಿಟ್ಟು ಬೀಳುವುದೂ, ಗಂತಿಯು ಕವಾಟವನ್ನು ಪೂರ್ಣವಾಗಿ ಮುಚ್ಚಿ ಪ್ರಾಣವೇ ಹೋಗುವುದೂ ಉಂಟು. ಇದು ಒಂದು ಬಗೆಯ ಹಾನಿ. ಎರಡನೆಯದು, ಬಿಡುವಿಲ್ಲದ ಈ ತೂಗಾಟದಲ್ಲಿ ಲೋಳೆಯ ಎಸಳೊಂದು, ಇಲ್ಲವೆ ಅದರ ಮೈಮೇಲೆ ಕಟ್ಟಿದ ಹೆಪ್ಪೊಂದು, ಕಳಚಿ ಮಹಾಧಮನಿಯ ಪ್ರವಾಹಕ್ಕೆ ಬೀಳುವುದು. ಎಡಗಡೆಯ ಮಿಕ್ಸೋಮ ಉಳ್ಳವರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನ ಈ ಆಪತ್ತಿಗೆ ಗುರಿಯಾಗುತ್ತಾರೆ. ಚೂರು ಮೆದುಳಿಗೆ ಹೋದರೆ ಮೂವತ್ತೈದರ ಹೆಂಗಸಿಗೆ ಲಕ್ವ, ಕಾಲಿಗೆ ಹೋದರೆ ಹಠಾತ್ತನೆ ತಣ್ಣಗಾಗಿ ನೀಲಿಗಟ್ಟುವ ಪಾದ. ಇಷ್ಟಕ್ಕೇ ಮುಗಿಯುವುದಿಲ್ಲ. ಮೆದುಳಿನ ಸೂಕ್ಷ್ಮ ಧಮನಿಯಲ್ಲಿ ನಿಂತ ಚೂರಿನ ಜೀವಕೋಶಗಳು ಬದುಕುಳಿದು, ಧಮನಿಯ ಗೋಡೆಯನ್ನು ಸಡಿಲಿಸಿ, ಗಂತಿಯನ್ನು ತೆಗೆದುಹಾಕಿದ ಎಷ್ಟೋ ಕಾಲದ ಮೇಲೆ ಅಲ್ಲಿ ಬುಗ್ಗೆಯಂಥ ಉಬ್ಬನ್ನು ಮೂಡಿಸಿದ ನಿದರ್ಶನಗಳಿವೆ. ಮೂರನೆಯ ಹಾನಿ ಇನ್ನೂ ಗೂಢವಾದುದು: ಗಂತಿಯ ಜೀವಕೋಶಗಳು ಇಂಟರ್‌ಲ್ಯೂಕಿನ್-6 ಎಂಬ ಪದಾರ್ಥವನ್ನು ರಕ್ತಕ್ಕೆ ಸುರಿಸುವುದರಿಂದ ಶರೀರವೆಲ್ಲವೂ ಯಾವುದೋ ಕಾಣದ ಸೋಂಕಿನೊಡನೆ ಹೋರಾಡುತ್ತಿರುವಂತೆ ವರ್ತಿಸುತ್ತದೆ, ಜ್ವರ, ತೂಕ ಇಳಿಯುವುದು, ಕೀಲುನೋವು, ರಕ್ತಹೀನತೆ ಮೊದಲಾದ ಲಕ್ಷಣಗಳು ತಿಂಗಳುಗಟ್ಟಲೆ ಕಾಡುತ್ತವೆ. ಗಂತಿಯನ್ನು ತೆಗೆದ ಕೆಲವೇ ವಾರಗಳಲ್ಲಿ ಇವೆಲ್ಲವೂ ತಾವಾಗಿ ಮಾಯವಾಗುವುದನ್ನು ನೋಡಿದ ವೈದ್ಯರು ಅದರ ಆನಂದವನ್ನು ಮರೆಯಲಾರರು.

ಹೀಗಿದ್ದರೂ, ನಮ್ಮ ಹಿಂದಿನವರಿಗೆ ಈ ರೋಗ ತಿಳಿದದ್ದು ಶವಪರೀಕ್ಷೆಯ ಮೇಜಿನ ಮೇಲೆ ಮಾತ್ರ. ಬದುಕಿರುವ ಹೃದಯವನ್ನು ಮುಟ್ಟುವುದೇ ಶಸ್ತ್ರವಿದ್ಯೆಗೆ ನಿಷಿದ್ಧವೆಂಬ ಭಾವನೆ ಬಲವಾಗಿತ್ತು. 1896ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಪ್ಯಾಜೆಟ್ ಎದೆಯ ಶಸ್ತ್ರಚಿಕಿತ್ಸೆಯನ್ನು ಕುರಿತ ತನ್ನ ಗ್ರಂಥದಲ್ಲಿ, ಪ್ರಕೃತಿಯೇ ಹಾಕಿದ ಎಲ್ಲೆಯನ್ನು ಹೃದಯದ ಶಸ್ತ್ರಚಿಕಿತ್ಸೆ ಬಹುಶಃ ಮುಟ್ಟಿಬಿಟ್ಟಿದೆಯೆಂಬ ಅಭಿಪ್ರಾಯವನ್ನು ಕೊಟ್ಟಿದ್ದ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಲೂಡ್ವಿಗ್ ರೆನ್ ಇರಿತಕ್ಕೆ ಸಿಕ್ಕ ಒಬ್ಬನ ಹೃದಯಕ್ಕೆ ಹೊಲಿಗೆ ಹಾಕಿ ಅವನನ್ನು ಉಳಿಸಿದ. ಆದರೂ ಹೃದಯವನ್ನು ಹೊರಗಿನಿಂದ ಹೊಲಿಯುವುದು ಬೇರೆ, ಅದನ್ನು ತೆರೆದು ಒಳಗೆ ಕಣ್ಣಿಟ್ಟು ಕೆಲಸಮಾಡುವುದು ಬೇರೆ. ಇಪ್ಪತ್ತನೆಯ ಶತಮಾನದ ನಡುವಿನ ವರ್ಷಗಳಲ್ಲಿ, ಕೀಲುವಾತಜ್ವರದಿಂದ ಸಂಕುಚಿತವಾದ ದ್ವಿದಳ ಕವಾಟವನ್ನು ಅಗಲಿಸಲು ಶಸ್ತ್ರವೈದ್ಯರು ಮಿಡಿಯುವ ಹೃದಯದ ಕರ್ಣದೊಳಕ್ಕೆ ಕುರುಡಾಗಿ ಬೆರಳನ್ನು ತೂರಿಸುತ್ತಿದ್ದಾಗ, ಗಟ್ಟಿಯಾದ ಕವಾಟದ ಬದಲು ಮೆತ್ತನೆಯ ಜಾರುವ ಮುದ್ದೆಯೊಂದು ಬೆರಳಿಗೆ ತಗಲಿ ಅವಾಕ್ಕಾದ ಪ್ರಸಂಗಗಳು ನಡೆದವು. ನಿದಾನ ತಪ್ಪಿತ್ತೆಂಬುದು ಬೆರಳ ತುದಿಗೆ ಆಗ ತಿಳಿಯುತ್ತಿತ್ತು. ಬೆರಳು ತಗಲಿದ್ದರಿಂದಲೇ ಚೂರಾಗಿ ಹರಿದುಹೋಗಬಹುದಾದ ವಸ್ತುವದು, ತೆರೆಯದೆ ತೆಗೆಯುವಂತಿಲ್ಲ, ಹೃದಯವನ್ನು ನಿಲ್ಲಿಸದೆ ತೆರೆಯುವಂತಿಲ್ಲ. 1953ರ ಮೇ ತಿಂಗಳಿನಲ್ಲಿ ಫಿಲಡೆಲ್ಫಿಯದ ಜಾನ್ ಗಿಬ್ಬನ್ ಹೃದಯದ ಮತ್ತು ಶ್ವಾಸಕೋಶದ ಕೆಲಸವನ್ನು ತಾನು ವಹಿಸಿಕೊಳ್ಳುವ ಯಂತ್ರದ ನೆರವಿನಿಂದ ಒಬ್ಬ ತರುಣಿಯ ಹೃದಯದೊಳಗಿನ ರಂಧ್ರವನ್ನು ಮುಚ್ಚಿದ ಮೇಲೆ ದಾರಿ ತೆರೆಯಿತು. ಮರುವರ್ಷದ ಜುಲೈನಲ್ಲಿ ಸ್ವೀಡನ್ ದೇಶದ ಕ್ಲಾರೆನ್ಸ್ ಕ್ರಾಫೋರ್ಡ್, ತನ್ನ ಸಹೋದ್ಯೋಗಿ ಓಕೆ ಸೆನ್ನಿಂಗ್ ಶ್ರಮಿಸಿ ರೂಪಿಸಿದ್ದ ಅಂಥದೇ ಯಂತ್ರಕ್ಕೆ ರೋಗಿಯನ್ನು ಜೋಡಿಸಿ, ನಲವತ್ತರ ಪ್ರಾಯದ ಒಬ್ಬಾಕೆಯ ಎಡ ಹೃತ್ಕರ್ಣದಿಂದ ಮಿಕ್ಸೋಮವನ್ನು ಹೊರತೆಗೆದ, ಆಕೆ ಬದುಕಿದಳು. ಹೃದಯದೊಳಗಿನ ಗಂತಿಯೊಂದನ್ನು ಕಣ್ಣಾರೆ ಕಂಡು ತೆಗೆದು ರೋಗಿಯನ್ನು ಉಳಿಸಿಕೊಂಡ ಚರಿತ್ರೆ ಅಲ್ಲಿಂದ ಪ್ರಾರಂಭವಾಗುತ್ತದೆ.

ಇಂದು ಆ ಶಸ್ತ್ರಕ್ರಿಯೆ ಪರಿಣತರ ಕೈಯಲ್ಲಿ ಹೃದಯದ ಶಸ್ತ್ರಕ್ರಿಯೆಗಳಲ್ಲೆಲ್ಲ ಸರಳವಾದವುಗಳ ಸಾಲಿಗೆ ಸೇರಿದೆ. ಸರಳವೆಂದರೆ ಅಲಕ್ಷ್ಯಕ್ಕೆ ಎಡೆಯುಳ್ಳದ್ದೆಂದಲ್ಲ. ಎದೆಯೆಲುಬನ್ನು ಸೀಳಿ, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು, ಎರಡು ಮಹಾಸಿರೆಗಳಿಗೂ ಮಹಾಧಮನಿಗೂ ನಳಿಗೆಗಳನ್ನು ಕೂಡಿಸಿ ಯಂತ್ರವನ್ನು ನಡೆಯಿಸುವವರೆಗೆ, ಆ ಬಳಿಕ ಮಹಾಧಮನಿಯನ್ನು ಚಿಮುಟದಿಂದ ಬಿಗಿಯುವವರೆಗೆ, ಶಸ್ತ್ರವೈದ್ಯನ ಕೈ ಹೃದಯವನ್ನು ಆದಷ್ಟೂ ಮುಟ್ಟಬಾರದು. ಇತರ ಶಸ್ತ್ರಕ್ರಿಯೆಗಳಲ್ಲಿ ಸಹಜವಾಗಿ ಮಾಡುವ ಎತ್ತುವಿಕೆ ತಿರುಗಿಸುವಿಕೆಗಳು ಇಲ್ಲಿ ಒಂದು ಎಸಳನ್ನು ಮೆದುಳಿಗೆ ಕಳುಹಿಸಿಬಿಡಬಹುದು. ಪೊಟ್ಯಾಸಿಯಂ ಬೆರೆತ ದ್ರಾವಣದಿಂದ ಹೃದಯವನ್ನು ನಿಶ್ಚಲಗೊಳಿಸಿದ ಮೇಲೆ ಹೃತ್ಕರ್ಣವನ್ನು ತೆರೆದು, ಗಂತಿಯನ್ನು ಹಿಡಿದೆಳೆಯದೆ, ಅದು ನೆಟ್ಟಿರುವ ನಡುಗೋಡೆಯ ಭಾಗವನ್ನೇ ಸುತ್ತಲೂ ಕತ್ತರಿಸಿ, ಗಿಡವನ್ನು ಮಣ್ಣಿನ ಹೆಂಟೆಯ ಸಮೇತ ಕೀಳುವಂತೆ ಬುಡಸಹಿತ ಇಡಿಯಾಗಿ ಎತ್ತಬೇಕು. ನಾಲ್ಕು ಕೋಣೆಗಳನ್ನೂ ತೊಳೆದು ನೋಡಬೇಕು. ಎರಡನೆಯ ಗಂತಿಯೊಂದು ಅಡಗಿರುವುದು ಅಪೂರ್ವವಾದರೂ ಅಸಂಭವವಲ್ಲ. ವರ್ಷಗಟ್ಟಲೆ ಗಂತಿಯ ಪೆಟ್ಟು ತಿಂದ ದ್ವಿದಳ ಕವಾಟ ಸರಿಯಾಗಿ ಮುಚ್ಚಿಕೊಳ್ಳುವುದೋ ಎಂದು ಪರೀಕ್ಷಿಸಬೇಕು. ನಡುಗೋಡೆಯಲ್ಲಿ ಉಂಟಾದ ರಂಧ್ರಕ್ಕೆ ರೋಗಿಯ ಹೃದಯದ ಪೊರೆಯಿಂದಲೇ ತೆಗೆದ ತುಂಡೊಂದನ್ನು ತೇಪೆಯಾಗಿ ಹೊಲಿಯಬೇಕು. ಬುಡದ ಸುತ್ತ ಎಷ್ಟು ಅಗಲಕ್ಕೆ ಕತ್ತರಿಸಬೇಕೆಂಬುದರಲ್ಲಿ ಶಸ್ತ್ರವೈದ್ಯರಲ್ಲಿ ಏಕಾಭಿಪ್ರಾಯವಿಲ್ಲ. ಗೋಡೆಯ ಒಳಪದರವನ್ನಷ್ಟೇ ಕೆರೆದು ತೆಗೆದವರಿಗೂ ಫಲ ಚೆನ್ನಾಗಿಯೇ ಬಂದಿದೆ. ಒಂಟಿಯಾಗಿ, ಕುಲದಲ್ಲಿ ಬೇರಾರಿಗೂ ಇಲ್ಲದೆ ಬಂದ ಮಿಕ್ಸೋಮ ಮರುಕಳಿಸುವುದು ನೂರರಲ್ಲಿ ಒಬ್ಬರಿಂದ ಮೂವರಿಗೆ ಮಾತ್ರ. ಈಚೆಗೆ ಎದೆಯೆಲುಬನ್ನು ಸೀಳದೆ ಬಲಪಕ್ಕೆಯ ಸಣ್ಣ ಗಾಯದ ಮೂಲಕವೇ ಈ ಕೆಲಸವನ್ನು ಮಾಡುವ ಪದ್ಧತಿ ಹರಡುತ್ತಿದೆ. ಅದನ್ನು ನಾನು ವಿರೋಧಿಸುವುದಿಲ್ಲ. ಆದರೆ ಸೂಜಿಯಗಲದ ಗಾಯದ ಹಿರಿಮೆಗಾಗಿ ಗಂತಿಯನ್ನು ಹಿಂಡಿ ಹೊರತೆಗೆಯುವ ಪ್ರಮೇಯ ಬಂದರೆ, ಆ ಹಿರಿಮೆಗೆ ತೆರುವ ಬೆಲೆ ಅತಿಯಾಯಿತೆಂದೇ ಹೇಳಬೇಕಾಗುವುದು. ಗಂತಿ ಇಡಿಯಾಗಿ ಬರಬೇಕು. ಗಾಯದ ಉದ್ದ ಅನಂತರದ ಮಾತು.

ಕಾಲದ ಮಾತಿಗೆ ಬಂದರೆ, ಮದುವೆ ಮುಗಿಯಲೆಂಬ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಗಂತಿ ಪತ್ತೆಯಾಗಿ, ದಿನ ಗೊತ್ತಾಗಿ, ಆ ದಿನಕ್ಕಾಗಿ ಕಾಯುತ್ತಿರುವಾಗಲೇ ಮೃತರಾದವರ ವೃತ್ತಾಂತಗಳು ವೈದ್ಯಸಾಹಿತ್ಯದಲ್ಲಿ ಒಂದಲ್ಲ ಎರಡಲ್ಲ. ತೂಗುವ ಮಿಕ್ಸೋಮವನ್ನು ಕಂಡ ಮೇಲೆ ವಾರಗಳ ಲೆಕ್ಕ ಹಾಕದೆ ದಿನಗಳ ಲೆಕ್ಕ ಹಾಕಬೇಕೆಂಬುದು ಅನುಭವಿಗಳ ಮತ. ಆದುದರಿಂದ "ಕ್ಯಾನ್ಸರ್ ಅಲ್ಲ" ಎಂಬುದನ್ನು ಹೇಳಲೇಬೇಕಾದರೂ, ಅದನ್ನು ಮೊದಲ ವಾಕ್ಯವಾಗಿ ಹೇಳಬಾರದು. ಎಲ್ಲಿದೆ, ಹೇಗೆ ಅಲ್ಲಾಡುತ್ತಿದೆ, ಅಲ್ಲಾಡುವುದರಿಂದ ಏನಾದೀತು, ಎಂದು ತೆಗೆಯಬೇಕು ಎಂಬಿಷ್ಟನ್ನೂ ಮನೆಮಂದಿಗೆ ಪರದೆಯ ಮೇಲೆ ತೋರಿಸಿ ಹೇಳಿದ ಮೇಲೆ, ಅದರ ಜಾತಿಯನ್ನು ಹೇಳಿದರೆ ಸಾಂತ್ವನವೂ ಆಗುತ್ತದೆ, ಮೋಸವೂ ಆಗುವುದಿಲ್ಲ.

ಇಷ್ಟನ್ನು ಒಪ್ಪಿದವರು, ಹಾಗಾದರೆ ಹೃದಯದಲ್ಲಿ ಕಂಡ ಗಂತಿಯನ್ನೆಲ್ಲ ಕತ್ತರಿಸಿ ಹಾಕಬೇಕೆಂಬ ಇನ್ನೊಂದು ತುದಿಗೆ ಹೋಗುವ ಅಪಾಯವಿದೆ. ನನ್ನ ವಾದ ಅದಲ್ಲ. ಸ್ಥಾನ, ಚಲನೆ, ಕಾಲ ಇವೇ ಮಾನದಂಡಗಳಾದರೆ, ಅವು ಕೆಲವೊಮ್ಮೆ ಶಸ್ತ್ರವನ್ನು ಕೆಳಗಿಡುವಂತೆಯೂ ಹೇಳುತ್ತವೆ. ಶಿಶುಗಳ ಹೃದಯದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ರ್‍ಯಾಬ್ಡೊಮಯೋಮ ಎಂಬ ಸ್ನಾಯುವಿನ ಗಂತಿ. ಬಸುರಿಯ ಸ್ಕ್ಯಾನಿನಲ್ಲಿಯೇ ಹೃತ್ಕುಕ್ಷಿಯ ಗೋಡೆಯಲ್ಲಿ ಬಿಳಿಯ ಉಂಡೆಗಳಾಗಿ, ಹಲವೊಮ್ಮೆ ಒಂದಕ್ಕಿಂತ ಹೆಚ್ಚಾಗಿ ತೋರುವ ಇವು, ಮಗು ಹುಟ್ಟಿದ ಮೇಲೆ ತಿಂಗಳು ತಿಂಗಳಿಗೆ ತಾವಾಗಿಯೇ ಕುಗ್ಗುತ್ತ, ಕೆಲವು ವರ್ಷಗಳಲ್ಲಿ ಕಾಣದೆ ಹೋಗುವುದೇ ಹೆಚ್ಚು. ಕಣ್ಣೆದುರಿಗೆ ಗಂತಿಯನ್ನು ಕಂಡ ತಾಯಿಗೆ "ಕಾಯಿರಿ" ಎಂದು ಹೇಳುವುದು ಸುಲಭವಲ್ಲ; ಆದರೆ ರಕ್ತದ ದಾರಿಗೆ ಅಡ್ಡವಾಗದ, ಬಡಿತದ ಲಯವನ್ನು ಕೆಡಿಸದ ಇಂಥ ಗಂತಿಗಾಗಿ ನವಜಾತ ಶಿಶುವಿನ ಎದೆಯನ್ನು ಸೀಳುವುದು ಅವಿವೇಕ. ದಾರಿಗೆ ಅಡ್ಡವಾಗಿ ನಿಂತಿದ್ದರೆ ಮಾತ್ರ, ಅದನ್ನು ಪೂರ್ತಿ ತೆಗೆಯದೆ ದಾರಿಯಷ್ಟನ್ನು ಬಿಡಿಸಿದರೂ ಸಾಕಾದೀತು. ಎವರೋಲಿಮಸ್ ಎಂಬ ಔಷಧದಿಂದ ಇದನ್ನು ಬೇಗ ಕುಗ್ಗಿಸಬಹುದೆಂಬುದೂ ಈಗ ತಿಳಿದಿದೆ. ಈ ಮಕ್ಕಳಲ್ಲಿ ಬಹುಪಾಲಿಗೆ ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ವಂಶವಾಹಿ ವ್ಯಾಧಿ ಇರುವುದರಿಂದ, ಮುಂದೆ ಬರಬಹುದಾದ ಮೂರ್ಛೆರೋಗವನ್ನು ನಿರೀಕ್ಷಿಸಿ ನೋಡಿಕೊಳ್ಳುವುದು ಹೃದಯದ ಗಂತಿಗಿಂತ ಮುಖ್ಯವಾದ ಕರ್ತವ್ಯ. ಅದೇ ವಯಸ್ಸಿನಲ್ಲಿ, ಅದೇ ಗೋಡೆಯಲ್ಲಿ ಹುಟ್ಟುವ ಫೈಬ್ರೋಮ ಎಂಬ ನಾರಿನ ಗಂತಿಯಾದರೋ ತಾನಾಗಿ ಕುಗ್ಗುವುದಿಲ್ಲ, ಬಡಿತದ ವಿದ್ಯುತ್ತಿನ ಹಾದಿಯನ್ನು ಕೆಡಿಸಿ ಆಟವಾಡುತ್ತಿರುವ ಮಗುವನ್ನು ಒಮ್ಮೆಲೇ ಕೆಡವಬಲ್ಲುದು; ಅಲ್ಲಿ ಕಾಯುವುದೇ ಅವಿವೇಕ. ಎರಡೂ ಸಾಧು ಗಂತಿಗಳೇ. ಹೆಸರಿಗೆ ಅಂಟಿದ ಆ ವಿಶೇಷಣ ಎರಡು ವಿರುದ್ಧ ನಿರ್ಣಯಗಳಲ್ಲಿ ಯಾವುದಕ್ಕೂ ದಾರಿ ತೋರಿಸಲಿಲ್ಲವೆಂಬುದನ್ನು ಗಮನಿಸಬೇಕು. ಇನ್ನು ವೃದ್ಧರ ಕವಾಟಗಳ ಮೇಲೆ ಬೆಳೆಯುವ, ನೀರಿನಲ್ಲಿಟ್ಟರೆ ಕಡಲ ಹೂವಿನಂತೆ ಎಳೆಯೆಳೆಯಾಗಿ ಅರಳುವ ಫೈಬ್ರೊಇಲಾಸ್ಟೋಮ ಒಂದು ಸೆಂಟಿಮೀಟರಿನಷ್ಟು ಪುಟ್ಟದು. ಎಡಗಡೆಯ ಕವಾಟದ ಮೇಲೆ ಅಲುಗಾಡುತ್ತಿದ್ದರೆ ಲಕ್ವಕ್ಕೆ ಕಾರಣವಾಗಲು ಅಷ್ಟೇ ಸಾಕು.

ಚಿಕಿತ್ಸೆ ಇಷ್ಟರಮಟ್ಟಿಗೆ ಕೈವಶವಾಗಿರುವುದರಿಂದಲೇ ಹೊಣೆಯೆಲ್ಲ ನಿದಾನದ ಮೇಲೆ ಬಂದು ಬೀಳುತ್ತದೆ. ತೆಗೆದರೆ ಪೂರ್ಣವಾಗಿ ಗುಣವಾಗುವ ರೋಗವನ್ನು ಗುರುತಿಸದೆ ಬಿಡುವುದಕ್ಕಿಂತ ದೊಡ್ಡ ನಷ್ಟ ವೈದ್ಯವೃತ್ತಿಯಲ್ಲಿ ಇನ್ನಾವುದಿದೆ? ಅದರಲ್ಲಿಯೂ ನಮ್ಮ ನಾಡಿನಲ್ಲಿ ಇದನ್ನು ಗುರುತಿಸದೆ ಬಿಡಲು ಒಂದು ವಿಶೇಷ ಕಾರಣವಿದೆ. ಕೀಲುವಾತಜ್ವರದಿಂದ ದ್ವಿದಳ ಕವಾಟ ಸಂಕುಚಿತವಾಗುವ ರೋಗ ನಮ್ಮ ಬಡವರಲ್ಲಿ ತಲೆತಲಾಂತರದಿಂದ ಬಂದದ್ದು; ನಡೆದರೆ ಏದುಸಿರು, ಮಲಗಿದರೆ ಕೆಮ್ಮು, ಎದೆಗೆ ಸ್ಟೆತಾಸ್ಕೋಪಿಟ್ಟರೆ ಗುಡುಗುಡಿಸುವ ಮರ್ಮರ ಎಂಬ ಚಿತ್ರ ಇಲ್ಲಿಯ ವೈದ್ಯನ ಮನಸ್ಸಿನಲ್ಲಿ ಎಷ್ಟು ಆಳವಾಗಿ ಅಚ್ಚೊತ್ತಿದೆಯೆಂದರೆ, ಅದೇ ಚಿತ್ರವನ್ನು ಬೇರೊಂದು ಕೈ ಬರೆದಿರಬಹುದೆಂಬ ಸಂಶಯವೇ ಅವನಿಗೆ ಹುಟ್ಟುವುದಿಲ್ಲ. ವ್ಯತ್ಯಾಸಗಳು ಇಲ್ಲದಿಲ್ಲ. ಕವಾಟದ ರೋಗ ವರ್ಷಗಳ ಕಾಲ ಏರುತ್ತ ಬರುತ್ತದೆ, ಮಿಕ್ಸೋಮದ ಕಥೆ ಹಲವೊಮ್ಮೆ ತಿಂಗಳುಗಳದು. ಕವಾಟದ ರೋಗಿಯ ನಾಡಿ ಕ್ರಮೇಣ ಲಯತಪ್ಪುವುದು ಸಾಮಾನ್ಯ, ಮಿಕ್ಸೋಮದಲ್ಲಿ ಅದು ಕ್ರಮಬದ್ಧವಾಗಿಯೇ ಉಳಿಯುವುದು ಹೆಚ್ಚು. ಬಾಲ್ಯದಲ್ಲಿ ಕೀಲುವಾತ ಬಂದ ನೆನಪಿಲ್ಲ, ಭಂಗಿಯೊಡನೆ ಮರ್ಮರ ಬದಲಾಗುತ್ತದೆ, ಕಾರಣ ಕಾಣದ ಜ್ವರವಿದೆ, ರಕ್ತಕಣಗಳ ತಂಗುವೇಗ ಏರಿದೆ. ಇವುಗಳಲ್ಲಿ ಎರಡು ಮೂರು ಕೂಡಿದರೂ ಮನಸ್ಸು ಎಚ್ಚರಗೊಳ್ಳಬೇಕು. ಜ್ವರವೇ ಮುಂದಾಗಿ ಬಂದಾಗಲಂತೂ ಕ್ಷಯವೆಂದೋ ಹೃದಯದ ಒಳಪೊರೆಯ ಸೋಂಕೆಂದೋ ತಿಳಿದು ತಿಂಗಳುಗಟ್ಟಲೆ ಔಷಧ ಕೊಟ್ಟ ನಿದರ್ಶನಗಳು ಹೇರಳವಾಗಿವೆ.

"ಎಲ್ಲೋ ಲಕ್ಷಕ್ಕೊಬ್ಬರಿಗೂ ಬಾರದ ರೋಗವನ್ನು ಮನಸ್ಸಿನಲ್ಲಿಟ್ಟುಕೊಂಡು ಸಾಮಾನ್ಯ ರೋಗಗಳ ಚಿಕಿತ್ಸೆಯನ್ನು ಕೆಡಿಸಿಕೊಳ್ಳಬೇಕೆ?" ಎಂಬ ಆಕ್ಷೇಪಣೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ನೂರು ರೋಗಿಗಳು ಸಾಲಾಗಿ ನಿಂತ ತಾಲ್ಲೂಕು ಆಸ್ಪತ್ರೆಯ ಹೊರಾಂಗಣದಲ್ಲಿ ಕುಳಿತ ವೈದ್ಯನಿಗೆ, ಸಾಮಾನ್ಯವಾದುದನ್ನು ಮೊದಲು ಎಣಿಸುವುದು ಆಲಸ್ಯವಲ್ಲ, ಧರ್ಮ. ಆದರೆ ವಿರಳತೆಯ ಲೆಕ್ಕವನ್ನು ಸರಿಯಾಗಿ ಹಾಕಬೇಕು. ಐರ್ಲೆಂಡಿನಲ್ಲಿ ದೇಶದ ಪ್ರಸಂಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದವರು ಹತ್ತು ಲಕ್ಷ ಜನಕ್ಕೆ ವರ್ಷಕ್ಕೆ ಸುಮಾರು ಅರ್ಧದಂತೆ ಹೃತ್ಕರ್ಣದ ಮಿಕ್ಸೋಮಗಳನ್ನು ಕಂಡರು. ಅದೇ ಪ್ರಮಾಣ ಇಲ್ಲಿಗೂ ಹೊಂದುವುದಾ­ದರೆ, 2011ರ ಜನಗಣತಿಯಲ್ಲಿಯೇ ಆರು ಕೋಟಿಯನ್ನು ಮೀರಿದ ಕರ್ನಾಟಕದಲ್ಲಿ ವರ್ಷಕ್ಕೆ ಮೂವತ್ತು ಮಂದಿ ಇದ್ದಾರೆಂದಾಯಿತು. ಒಬ್ಬ ವೈದ್ಯನ ಜೀವಮಾನದಲ್ಲಿ ಒಂದು ಬಾರಿ ಬರಬಹುದಾದುದು, ಒಂದು ರಾಜ್ಯದಲ್ಲಿ ಪ್ರತಿ ತಿಂಗಳೂ ಎರಡು ಮೂರು ಬಾರಿ ಬರುತ್ತಿರುತ್ತದೆ. ಮೇಲಾಗಿ ಸಂಶಯ ಬಂದ ಮೇಲೆ ಅದನ್ನು ಪರಿಹರಿಸಿಕೊಳ್ಳುವ ವೆಚ್ಚ ಈಗ ಅತ್ಯಲ್ಪ. 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್‌ಮುಟ್ ಹರ್ಟ್ಸ್, ಲೋಹದೊಳಗಿನ ಬಿರುಕುಗಳನ್ನು ಹುಡುಕಲು ಮಾಲ್ಮೋದ ಹಡಗುಕಟ್ಟೆಯಲ್ಲಿ ಬಳಸುತ್ತಿದ್ದ ಶ್ರವಣಾತೀತ ಧ್ವನಿಯ ಯಂತ್ರವನ್ನು ಎರವಲು ತಂದು ಹೃದಯದ ಮೇಲಿಟ್ಟು ಪ್ರತಿಧ್ವನಿಯನ್ನು ಕೇಳಿದರು. ಎಡ್ಲರನಿಗೆ ಬೇಕಾಗಿದ್ದುದು ಶಸ್ತ್ರಕ್ರಿಯೆಗೆ ಮೊದಲು ದ್ವಿದಳ ಕವಾಟದ ಸ್ಥಿತಿಯನ್ನು ತಿಳಿಯುವುದು. ಕವಾಟಕ್ಕಾಗಿ ಹುಟ್ಟಿದ ಆ ವಿದ್ಯೆಯೇ 1959ರಲ್ಲಿ ಜರ್ಮನಿಯ ಎಫರ್ಟ್ ಮತ್ತು ದೋಮಾನಿಗ್ ಎಂಬುವರ ಕೈಯಲ್ಲಿ, ಕವಾಟದ ರೋಗದ ವೇಷ ಹಾಕಿಕೊಂಡು ಬರುವ ಗಂತಿಯನ್ನು ಪತ್ತೆಮಾಡಿತು. ಈ ವಿದ್ಯೆ ಬಳಕೆಗೆ ಬರುವುದಕ್ಕೆ ಹಿಂದೆ ಗಂತಿಯನ್ನು ಕಾಣಬೇಕಾದರೆ ರಕ್ತನಾಳಕ್ಕೆ ಬಣ್ಣ ಹರಿಸಿ ಎಕ್ಸ್‌ರೇ ಚಿತ್ರ ತೆಗೆಯಬೇಕಾಗಿತ್ತು. ಗಂತಿ ನೆಟ್ಟಿರುವ ನಡುಗೋಡೆಯನ್ನೇ ಚುಚ್ಚಿ ನಳಿಗೆ ತೂರಿಸುವ ವಿಧಾನದಲ್ಲಿ ಪರೀಕ್ಷೆಯೇ ಪ್ರಾಣಾಂತಿಕವಾಗಬಹುದಾಗಿತ್ತು. ಇಂದಿನ ಎಕೋ ಪರೀಕ್ಷೆ ಚುಚ್ಚುವುದಿಲ್ಲ, ನೋಯಿಸುವುದಿಲ್ಲ, ಹದಿನೈದಿಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಮೈಸೂರಿನಲ್ಲಿಯೂ ಕಲಬುರಗಿಯಲ್ಲಿಯೂ ಶಾಖೆಗಳಾಗಿರುವ ಈ ಕಾಲದಲ್ಲಿ ಅದಕ್ಕಾಗಿ ಹಳ್ಳಿಯ ರೋಗಿ ರಾಜಧಾನಿಯವರೆಗೆ ಅಲೆಯಬೇಕಾದ ಅಗತ್ಯವೂ ಹಿಂದಿನಷ್ಟಿಲ್ಲ. ಎಲ್ಲರಿಗೂ ಎಕೋ ಮಾಡಿಸಬೇಕೆಂದು ನಾನು ಹೇಳುತ್ತಿಲ್ಲ. ಐವತ್ತು ತುಂಬದವರಿಗೆ ಲಕ್ವ ಹೊಡೆದಾಗ, ಕಾರಣ ತಿಳಿಯದ ಜ್ವರ ವಾರಗಳನ್ನು ಮೀರಿ ನಿಂತಾಗ, ಕವಾಟದ ರೋಗವೆಂದು ಕಿವಿಯಿಂದ ಮಾತ್ರ ನಿರ್ಣಯಿಸಿದಾಗ, ಮನೆಯಲ್ಲಿ ಒಬ್ಬರಿಗೆ ಮಿಕ್ಸೋಮ ಆಗಿದ್ದಾಗ, ಅದನ್ನು ಮಾಡಿಸದೆ ಬಿಡಬಾರದು.

ಕೊನೆಯದನ್ನು ನಾವು ಬಹಳವಾಗಿ ಮರೆಯುತ್ತೇವೆ. ಮಿಕ್ಸೋಮ ಉಳ್ಳವರಲ್ಲಿ ಒಂದು ಸಣ್ಣ ಪಾಲಿಗೆ ಅದು ಕುಲದಿಂದ ಬಂದುದು. ಅಮೆರಿಕದ ಮೇಯೋ ಕ್ಲಿನಿಕ್ಕಿನ ಏಡನ್ ಕಾರ್ನಿ 1985ರಲ್ಲಿ ವಿವರಿಸಿದ ಆ ಸಂಕೀರ್ಣದಲ್ಲಿ ತುಟಿಗಳ ಮೇಲೂ ಕಣ್ಣಿನ ಸುತ್ತಲೂ ಚರ್ಮದಲ್ಲಿಯೂ ಕಂದು ಚುಕ್ಕೆಗಳು ಚೆಲ್ಲಿರುತ್ತವೆ, ಗಂತಿಗಳು ಚಿಕ್ಕ ವಯಸ್ಸಿನಲ್ಲಿಯೇ, ಒಂದಕ್ಕಿಂತ ಹೆಚ್ಚಾಗಿ, ಎಡ ಹೃತ್ಕರ್ಣವನ್ನು ಬಿಟ್ಟು ಬೇರೆ ಕೋಣೆಗಳಲ್ಲಿಯೂ ಹುಟ್ಟುತ್ತವೆ, ತೆಗೆದ ಮೇಲೂ ಮತ್ತೆ ಮತ್ತೆ ಬರುತ್ತವೆ. ಶಸ್ತ್ರವೈದ್ಯನು ಹೊಲಿಗೆ ಬಿಚ್ಚಿದ ದಿನವೇ ತನ್ನ ಕೆಲಸ ಮುಗಿಯಿತೆಂದು ಎಣಿಸದೆ, ರೋಗಿಯ ತುಟಿಯನ್ನು ಬೆಳಕಿನಲ್ಲಿ ನೋಡಬೇಕು, ಅಣ್ಣತಮ್ಮಂದಿರು ಅಕ್ಕತಂಗಿಯರು ಮಕ್ಕಳು ಎಷ್ಟು ಜನರೆಂದು ಕೇಳಬೇಕು, ಅವರನ್ನೂ ಎಕೋ ಕೋಣೆಗೆ ಕರೆಯಬೇಕು.

ಇನ್ನೊಂದು ಮಾತು ಉಳಿಯಿತು. ಅದಕ್ಕೆ ಎಕೋ ಯಂತ್ರವೂ ಬೇಕಿಲ್ಲ. ಕಾಲಿನ ಧಮನಿಯಲ್ಲಿ ಏನೋ ಸಿಕ್ಕಿಕೊಂಡು ಪಾದ ತಣ್ಣಗಾಗಿ ಬಂದ ರೋಗಿಗೆ, ರಾತ್ರೋರಾತ್ರಿ ತೊಡೆಯ ಸಂದಿಯಲ್ಲಿ ಧಮನಿಯನ್ನು ತೆರೆದು, ಬಲೂನಿನ ನಳಿಗೆಯಿಂದ ಅಡಚಣೆಯನ್ನು ಎಳೆದು ತೆಗೆಯುವ ಶಸ್ತ್ರಕ್ರಿಯೆ ಈಗ ಜಿಲ್ಲೆಯ ಊರುಗಳಲ್ಲಿಯೂ ನಡೆಯುತ್ತದೆ. ಹೊರಬಂದ ತುಂಡನ್ನು ಹೆಪ್ಪುಗಟ್ಟಿದ ರಕ್ತವೆಂದು ಎಸೆಯುವುದು ವಾಡಿಕೆ. ಪಾದಕ್ಕೆ ಬಿಸಿ ಮರಳಿತು, ರೋಗಿ ಮನೆಗೆ ಹೋದ. ಆದರೆ ಆ ತುಂಡು ಕೆಲವೊಮ್ಮೆ ನಸುಬೂದಿ ಬಣ್ಣದ್ದಾಗಿ, ಲೋಳೆಲೋಳೆಯಾಗಿರುತ್ತದೆ. ಹೃದಯದಲ್ಲಿ ತೂಗುತ್ತಿರುವ ಗಂತಿಯು ತನ್ನ ಇರವನ್ನು ತಿಳಿಸಲು ತಾನೇ ಕಳುಹಿಸಿದ ಓಲೆ ಅದು. ಮೆದುಳಿಗೆ ಮುಂದಿನ ಚೂರು ಹೋಗುವುದಕ್ಕೆ ಮೊದಲು ಅದನ್ನು ಓದಿಕೊಳ್ಳಲು ನಮಗೆ ಬೇಕಾದುದು ಫಾರ್ಮಲಿನ್ ತುಂಬಿದ ಒಂದು ಸೀಸೆ, ಸೀಸೆಯ ಮೇಲೆ ರೋಗಿಯ ಹೆಸರಿನ ಕೆಳಗೆ "ಮಿಕ್ಸೋಮ ಇದೆಯೇ?" ಎಂದು ಬರೆದ ಒಂದು ಚೀಟಿ.